ವಾರ್ನಿಶ್ ಕುಡಿಯದ ಕಾಯಿಲ್

ಯಶವಂತನನ್ನು ಒಂದು ಕಡೆ ಕೂರಿಸುವುದು ತನ್ನಿಂದಾಗದ ಕೆಲಸ ಎಂದು ಅವನ ಹೆಂಡತಿ ಮಲ್ಲಿಕಾ ಮದುವೆಯಾದ ಹೊಸದರಲ್ಲೇ ಕೈಚೆಲ್ಲಿದ್ದಳು. ಉಣ್ಣುವಾಗಲೂ ಅವನ ಒಂದು ಕಾಲು ಕುಣಿಯುತ್ತಿರುತ್ತದೆ. ಮಾತಿನ ನಡುವೆ ಎದ್ದು ಹೋಗಿ ನಲ್ಲಿ ಬಿಗಿಮಾಡಿ ಬರುತ್ತಾನೆ. ಬೀಗರ ಮನೆಗೆ ಹೋದರೆ ಅವರ ಮಿಕ್ಸರ್ ಬಿಚ್ಚಿ ಹರವಿಕೊಂಡು ಕೂರುತ್ತಾನೆ. ಇಂಥವನಿಗೆ ಸಿಕ್ಕ ಕಸುಬಾದರೂ ಎಂಥದ್ದು? ಸುಟ್ಟ ಪಂಪ್ ಮೋಟಾರಿನ ಹೊಟ್ಟೆ ಬಗೆದು, ಹಳೆಯ ತಂತಿ ಕಿತ್ತು, ಸುತ್ತಿನ ಮೇಲೆ ಸುತ್ತು ಹೊಸ ತಾಮ್ರದ ತಂತಿ ಸುತ್ತುವುದು. ಕಪನೂರದಲ್ಲಿ ಅವನಪ್ಪ ಕಲ್ಯಾಣಪ್ಪ ಹಾಕಿದ ವೈಂಡಿಂಗ್ ಅಂಗಡಿ ಅದು. ಕೈ ಸುತ್ತುತ್ತಿದ್ದಾಗ ಮಾತ್ರ ಯಶವಂತನ ಕಾಲು ಸುಮ್ಮನಿರುತ್ತಿತ್ತು. ಅದಕ್ಕೇ ಅವನು ಆ ಕಸುಬಿನಲ್ಲಿ ಬಾಳಿದ.

ಬೇಸಿಗೆಯಲ್ಲಿ ಅಂಗಡಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಎಲ್ಲಿ ನೋಡಿದರೂ ಸುಟ್ಟ ಮೋಟಾರುಗಳು, ಬಾಗಿಲಲ್ಲಿ ಬೀಡುಬಿಟ್ಟು ಅವಸರ ಮಾಡುವ ರೈತರು. ಅಂಥ ಹೊತ್ತಿನಲ್ಲೇ ಒಬ್ಬ ಹೆಂಗಸು ಹಳೆಯ ಹಾಸಿಗೆಹೊದಿಕೆಯಲ್ಲಿ ಸುತ್ತಿದ ಗಿಟಾರನ್ನು ತೋಳಲ್ಲಿ ಎತ್ತಿಕೊಂಡು ಒಳಗೆ ಬಂದಳು. ಕಮಲಾಪುರದ ಕೌಸರ್, ಅಲ್ಲಿಯ ಶಾಲೆಯಲ್ಲಿ ಟೀಚರು.

"ಕಲ್ಯಾಣಪ್ಪ ಕಾಕಾರ ಅಂಗಡಿ ಇದ ಹೌದಲ್ರಿ?"

"ಹೌದ್ರಿ ಆಪಾ. ಅಪ್ಪ ತೀರಿಹೋಗ್ಯಾರ. ನಾ ಅವರ ಮಗ."

"ಇದು ಅಮೀರ್ ಮಾಸ್ತರರ ಗಿಟಾರ್. ನಾ ಅವರ ಮಗಳು."

ಯಶವಂತ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟ. ಅಮೀರ್ ಮಾಸ್ತರ್ ಯಾರೆಂದು ಈ ಕಡೆ ಯಾರೂ ಕೇಳಬೇಕಾಗಿಲ್ಲ. ಬೀದರ್‌ನಿಂದ ಸೋಲಾಪುರದವರೆಗೆ, ಅತ್ತ ಹೈದರಾಬಾದಿನವರೆಗೆ ಅವರ ಆರ್ಕೆಸ್ಟ್ರಾ ಇಲ್ಲದೆ ದೊಡ್ಡ ಮದುವೆ ನಡೆಯುತ್ತಿರಲಿಲ್ಲ. ಹಾಡುವವರನ್ನು ಪಕ್ಕಕ್ಕೆ ನಿಲ್ಲಿಸಿ ಇಡೀ ಹಾಡನ್ನು ಗಿಟಾರಿನಲ್ಲೇ ಹಾಡಿಸುವ ಮನುಷ್ಯ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಅವರ ಕ್ಯಾಸೆಟ್ಟುಗಳು ಮಾಲೆ ಮಾಲೆಯಾಗಿ ತೂಗುತ್ತಿದ್ದವು. ಕಲ್ಯಾಣಪ್ಪನ ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ದಿನವಿಡೀ ಬೇರೆ ಏನೂ ಓಡುತ್ತಿರಲಿಲ್ಲ. ಆದರೂ ಮಾಸ್ತರರು ತನಗೆ ಪರಿಚಯ ಎಂದು ಅಪ್ಪ ಒಮ್ಮೆಯೂ ಬಾಯಿಬಿಟ್ಟವನಲ್ಲ.

"ಇದರ ಕಾಯಿಲ್ ನಿಮ್ಮ ಅಪ್ಪಾರ ಸುತ್ತಿ ಕೊಟ್ಟಿದ್ರು. ಈಗ ದನಿನ ಬರವಲ್ದು," ಎಂದಳು ಕೌಸರ್. "ಬರೋ ಐತವಾರ ಅಬ್ಬಾರ ನೆನಪಿನ ಕೋಣಿ ಉದ್ಘಾಟನೆ ಅದ. ಅವತ್ತ ಒಮ್ಮೆ ಬಾರಿಸಿ ಇದನ್ನ ಗಾಜಿನ ಪೆಟ್ಟಿಗಿಯೊಳಗ ಇಟ್ಟು ಕೀಲಿ ಹಾಕ್ತಾರ. ಆಮ್ಯಾಲ ಯಾರೂ ಮುಟ್ಟಂಗಿಲ್ಲ. ಅದಕ್ಕಿಂತ ಮೊದಲ ಒಮ್ಮೆ ಇದು ಮೊದಲಿನಂಗ ಆಗಬೇಕು ಅಂತ ನಮ್ಮ ಅಮ್ಮಿ ಹಟ ಹಿಡದು ಕೂತಾಳ. ಅಬ್ಬಾ ಹೋದಮ್ಯಾಲ ಆಕಿ ಬಾಯಿಬಿಟ್ಟು ಕೇಳಿದ್ದು ಇದೊಂದ. ನಿಮ್ಮ ಅಪ್ಪಾರು ಮಾಡಿದಂಗ ಮಾಡ್ರಿ, ಸಾಕು."

"ಅಪ್ಪಗಿಂತ ಛಲೋ ಮಾಡ್ತೀನಿ ತಗೋರಿ," ಎಂದ ಯಶವಂತ. ಉಬ್ಬಿಹೋಗಿದ್ದ ಅವನು. ಆ ಮಾತು ತನ್ನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಅವನಿಗೆ ಆಗ ಹೇಗೆ ಗೊತ್ತಾಗಬೇಕು?

ಗಿಟಾರು ಜಪಾನಿನದು, ಮಾಸ್ತರರು ಮುಂಬೈಯಿಂದ ತಂದದ್ದು. ಕೆಂಪು ಬಣ್ಣ. ಮಾಸ್ತರರ ಮೊಣಕೈ ಉಜ್ಜುತ್ತಿದ್ದ ಕಡೆ ಬಣ್ಣ ಹೋಗಿ ಒಳಗಿನ ಕಟ್ಟಿಗೆ ಕಾಣುತ್ತಿತ್ತು. ಆ ಜಾಗಕ್ಕೆ ಯಶವಂತ ಪಾಲಿಶ್ ಕೂಡ ಹಚ್ಚಲಿಲ್ಲ. ಮಾಸ್ತರರ ಗುರುತು ಹಾಗೇ ಇರಲಿ ಎಂದು ಬಿಟ್ಟ. ಉಳಿದಂತೆ ತುಕ್ಕು ಒರೆಸಿದ, ತಂತಿ ಬಿಗಿಸುವ ಕೀಲುಗಳಿಗೆ ಎಣ್ಣೆ ಬಿಟ್ಟ, ಗರಗರ ಎನ್ನುತ್ತಿದ್ದ ಗುಂಡಿಗಳನ್ನು ಬಿಚ್ಚಿ ತೊಳೆದ. ಬಾಗಿಲಲ್ಲಿ ಕೂತಿದ್ದ ರೈತನೊಬ್ಬ, "ನನ್ನ ಮೋಟಾರ್ ಬಿಟ್ಟು ಇದೇನ ಕಿನ್ನರಿ ಹಿಡ್ಕೊಂಡು ಕುಂತೀ ಮಾರಾಯ?" ಎಂದು ರೇಗಿದರೂ ಅವನ ಕಿವಿಗೆ ಬೀಳಲಿಲ್ಲ.

ತಂತಿಗಳ ಕೆಳಗೆ ಒಂದು ಚಿಕ್ಕ ಡಬ್ಬಿ ಇರುತ್ತದೆ. ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಂತಿಯ ಕಾಯಿಲ್. ಬಾರಿಸುವವರು ಅದನ್ನು ಪಿಕಪ್ ಎನ್ನುತ್ತಾರೆ. ಗಿಟಾರಿನ ದನಿ ಹುಟ್ಟುವುದು ಅಲ್ಲೇ. ಯಶವಂತ ಮೀಟರ್ ಹಚ್ಚಿ ನೋಡಿದ, ಮುಳ್ಳು ಮಿಸುಕಲಿಲ್ಲ. ತಂತಿ ಒಳಗೇ ಎಲ್ಲೋ ಹಸಿರುಗಟ್ಟಿ ತುಂಡಾಗಿತ್ತು. ಹೊಸದಾಗಿ ಸುತ್ತದೆ ದಾರಿಯಿರಲಿಲ್ಲ. ಹಳೆಯ ಕಾಯಿಲನ್ನು ಬ್ಲೇಡಿನಿಂದ ಕೊಯ್ದ. ಕೊಯ್ದವನು ಅಲ್ಲೇ ನಿಂತುಬಿಟ್ಟ.

ಒಳಗಿನ ತಂತಿ ಬಿಡಿಬಿಡಿಯಾಗಿ, ಸಡಿಲವಾಗಿ ಉದುರಿತು. ವಾರ್ನಿಶ್‌ನ ಸುಳಿವೇ ಇರಲಿಲ್ಲ.

ಇದು ಎಂಥ ಪೆಟ್ಟು ಎಂದು ತಿಳಿಯಬೇಕಾದರೆ ಕಲ್ಯಾಣಪ್ಪ ಎಂಥವನು ಎಂದು ತಿಳಿಯಬೇಕು. ತಂತಿ ಎಷ್ಟು ಬಿಗಿಯಾಗಿ ಸುತ್ತಿದರೂ ಮೋಟಾರು ನಡುಗುವಾಗ ಅದು ಒಳಗೊಳಗೇ ಅಲುಗುತ್ತದೆ, ಒಂದಕ್ಕೊಂದು ಉಜ್ಜುತ್ತದೆ, ಕಡೆಗೆ ಸುಡುತ್ತದೆ. ಅದಕ್ಕೇ ಸುತ್ತಿದ ಕಾಯಿಲಿಗೆ ವಾರ್ನಿಶ್ ಕುಡಿಸುತ್ತಾರೆ. ಹೊಟ್ಟೆತುಂಬ ಕುಡಿಸಿ, ತಗಡಿನ ಪೀಪಾಯಿಯೊಳಗೆ ದೊಡ್ಡ ಬಲ್ಬು ಹಚ್ಚಿ ಒಣಗಿಸಿದರೆ ತಂತಿಗಳೆಲ್ಲ ಅಂಟಿಕೊಂಡು ಕಲ್ಲಾಗುತ್ತವೆ. ವಾರ್ನಿಶ್ ಕುಡಿಯದ ಕಾಯಿಲ್ ತನ್ನ ಹೊಸ್ತಿಲು ದಾಟಬಾರದು ಎಂಬುದು ಕಲ್ಯಾಣಪ್ಪನ ಹಟ. ಹರೆಯದಲ್ಲಿ ಯಶವಂತ ಒಮ್ಮೆ ಅವಸರಕ್ಕೆ ಬಿದ್ದು ಹಾಗೇ ಕಳಿಸಿದ ಮೋಟಾರನ್ನು, ರೈತನ ಬಾವಿಯೊಳಗಿಂದ ಮೇಲೆತ್ತಿಸಿ, ಮಗನ ಹೆಗಲ ಮೇಲೇ ಹೊರಿಸಿಕೊಂಡು ಬಂದ ಅಪ್ಪ ಅವನು. ಆ ಅಪ್ಪನ ಕೈಯ ಕೆಲಸ ಇದೇ? ಅದೂ ಇಷ್ಟು ದೊಡ್ಡ ಮನುಷ್ಯನ ಗಿಟಾರಿಗೆ?

ಅವತ್ತು ಬ್ರಹ್ಮಪುರದ ತನ್ನ ಮನೆಯಲ್ಲಿ ಊಟಕ್ಕೆ ಕೂತಾಗ ಕಾಲು ಎಂದಿಗಿಂತ ಜೋರಾಗಿ ಕುಣಿಯುತ್ತಿತ್ತು. ಮಲ್ಲಿಕಾ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಮೊಣಕಾಲ ಮೇಲೆ ಒಂದು ಏಟು ಕೊಟ್ಟಳು.

"ಏನಾಗ್ಯಾದ ಹೇಳ್ರಿ. ಇಲ್ಲಾಂದ್ರ ನೆಲಾ ಕುಸೀತದ."

"ಅಪ್ಪ ವಾರ್ನಿಶ್ ಹಾಕೋದು ಮರತಾನ. ಅದಕ್ಕ ಮಾಸ್ತರ್ ಗೊತ್ತು ಅಂತ ಯಾರಿಗೂ ಹೇಳಿಲ್ಲ ನೋಡು. ನಾಚಿಕಿ ಬಂದಿರಬೇಕು."

"ಮಾವಾರು ಮರೆಯೋ ಮನುಷ್ಯ ಅಲ್ಲ. ಆ ಟೀಚರಿಗೆ ಒಂದ ಮಾತ ಕೇಳ್ರಿ."

"ಏನಂತ ಕೇಳ್ಲಿ? ನಮ್ಮಪ್ಪ ಕಚ್ಚಾ ಕೆಲಸಾ ಮಾಡಿದ್ದ ಅಂತೇನು?"

ಕೇಳಲಿಲ್ಲ. ಫೋನು ಕೈಯಲ್ಲೇ ಇತ್ತು, ಕೌಸರಳ ನಂಬರೂ ಇತ್ತು. ಆದರೆ ಅಪ್ಪನ ಮಾನ ತನ್ನ ಮುಷ್ಟಿಯಲ್ಲಿದೆ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಅಪ್ಪನ ತಪ್ಪನ್ನು ಸದ್ದಿಲ್ಲದೆ ತಿದ್ದಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹೈದರಾಬಾದಿನಿಂದ ತಂತಿಯ ರೀಲು ತರಿಸಿದ. ಕೈಮಷಿನ್ನಿಗೆ ಹಾಕಿ ಸುತ್ತತೊಡಗಿದರೆ, ಜೋರಾಗಿ ಉಸಿರು ಬಿಟ್ಟರೂ ತುಂಡಾಗುವಂಥ ತಂತಿ. ಫ್ಯಾನ್ ಆರಿಸಿ, ಬೆವರು ಸುರಿಸುತ್ತ, ತುಂಡಾದಾಗಲೆಲ್ಲ ಬೈದುಕೊಂಡು, ಮತ್ತೆ ಮೊದಲಿನಿಂದ ಸುತ್ತಿದ. ಮುಗಿದ ಮೇಲೆ ಕಾಯಿಲಿಗೆ ಹೊಟ್ಟೆತುಂಬ ವಾರ್ನಿಶ್ ಕುಡಿಸಿ, ಕಪನೂರದ ಬಿಸಿಲಿನಲ್ಲೇ ಒಣಗಿಸಿದ. ಉಗುರಿನಿಂದ ತಟ್ಟಿದರೆ ಟಕ್ ಟಕ್ ಎಂದಿತು. ಪಕ್ಕದ ಸೌಂಡ್ ಸರ್ವೀಸ್ ಅಂಗಡಿಯಿಂದ ಆಂಪ್ಲಿಫೈಯರ್ ಡಬ್ಬಿ ತಂದು ಹಚ್ಚಿ ನೋಡಿದ. ಒಂದು ಚೂರೂ ಗೊರಗೊರ ಇಲ್ಲದ, ತೊಳೆದಿಟ್ಟಂಥ ದನಿ. ಅಪ್ಪಾ, ನಿನ್ನ ಹೆಸರು ಉಳಿಸಿದೆ ನೋಡು ಎಂದುಕೊಂಡ. ಅಷ್ಟು ಖುಷಿಯನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು, ಗಾಡಿ ಹತ್ತಿ ಕಮಲಾಪುರಕ್ಕೆ ಹೋದ. ಮಾಸ್ತರರ ಮನೆಯ ಅಂಗಳದಲ್ಲಿ ಆಗಲೇ ಮಂದಿ ಸೇರಿದ್ದರು. ನೆನಪಿನ ಕೋಣೆಯ ಸಮಿತಿಯ ಅಧ್ಯಕ್ಷ ಮರೆಪ್ಪ ಕೈಯಲ್ಲಿ ಗಾಜಿನ ಪೆಟ್ಟಿಗೆಯ ಕೀಲಿಕೈ ಕುಣಿಸುತ್ತ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ. ಮಾಸ್ತರರ ಶಿಷ್ಯ ಅಬ್ರಾರ್ ಆಂಪ್ಲಿಫೈಯರ್ ಡಬ್ಬಿ ತಂದು ಇಟ್ಟುಕೊಂಡಿದ್ದ. ಕೌಸರ್ ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟಳು. ಮಾಸ್ತರರ ಹೆಂಡತಿ ಜಾಹೇದಾಬಿ ಒಳಬಾಗಿಲ ಪರದೆಯ ಹಿಂದೆ ನಿಂತಿದ್ದರು.

ಅಬ್ರಾರ್ ಬಾರಿಸಿದ. ಮಂದಿ ವಾಹ್ ವಾಹ್ ಎಂದರು. ಮರೆಪ್ಪ ಯಶವಂತನ ಬೆನ್ನು ತಟ್ಟಿದ.

"ಭಾಳ ಸಾಫ್ ಆಗ್ಯಾದ್ರಿ," ಎಂದ ಅಬ್ರಾರ್. "ಉಸ್ತಾದರ ಕೈಯಾಗ ಇದ್ದಾಗ ಒಮ್ಮೊಮ್ಮೆ ಹಂದಿ ಹಿಡದಂಗ ಚೀರತಿತ್ತು. ಈಗ ಶಾಂತ ಆಗ್ಯಾದ."

ಆಗ ಪರದೆ ಸರಿಯಿತು. ಜಾಹೇದಾಬಿ ಹೊರಗೆ ಬಂದರು. ಎಪ್ಪತ್ತರ ಹತ್ತಿರದ, ಸೊರಗಿದ, ನೆಟ್ಟಗೆ ನಡೆಯುವ ಹೆಂಗಸು. ಯಾರ ಮುಖವನ್ನೂ ನೋಡದೆ ಅಬ್ರಾರನ ತೊಡೆಯ ಮೇಲಿದ್ದ ಗಿಟಾರಿನ ಹತ್ತಿರ ಹೋಗಿ, ಸೆರಗು ಹಿಡಿದುಕೊಂಡು ಬಗ್ಗಿದರು. ತಂತಿಗಳಿಗೆ ಬಾಯಿ ತಾಗುವಷ್ಟು ಬಗ್ಗಿ ಏನೋ ಹೇಳಿದರು. ಸುತ್ತ ಇದ್ದವರಿಗೆ ಅವರ ತುಟಿ ಅಲುಗಿದ್ದಷ್ಟೇ ಕಂಡಿತು. ಡಬ್ಬಿ ಸುಮ್ಮನಿತ್ತು. ಅವರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದರು. ಅಬ್ರಾರ್ ಗುಂಡಿಯನ್ನು ಪೂರ್ತಿ ತಿರುವಿದ. ಡಬ್ಬಿಯಿಂದ ಸಣ್ಣದೊಂದು ಗುಂಯ್ ಬಿಟ್ಟರೆ ಬೇರೇನೂ ಬರಲಿಲ್ಲ.

ಜಾಹೇದಾಬಿ ನೆಟ್ಟಗಾದರು. "ಛಲೋ ಆಗ್ಯಾದ. ಭಾಳ ಛಲೋ ಮಾಡ್ಯಾರ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಶವಂತ ತಿನ್ನುತ್ತಿದ್ದ ಬಾಳೆಹಣ್ಣನ್ನು ಕೆಳಗಿಟ್ಟ. ಕೌಸರಳನ್ನು ಪಕ್ಕಕ್ಕೆ ಕರೆದು, "ಖಾಲಾ ಏನ ಮಾಡಿದ್ರು ಆಪಾ?" ಎಂದು ಕೇಳಿದ.

"ನಿಮಗ ಗೊತ್ತಿಲ್ಲೇನು?" ಕೌಸರಳಿಗೆ ಆಶ್ಚರ್ಯವಾಯಿತು. "ಕಮಲಾಪುರಕ್ಕೆಲ್ಲ ಗೊತ್ತು. ಇದು ಮಾತಾಡ್ತಿತ್ತು. ಅಬ್ಬಾ ಬಗ್ಗಿ ತಂತಿಗೆ ಏನ ಅಂತಾರ ಅದು ಡಬ್ಬಿಯೊಳಗಿಂದ ಬರ್ತಿತ್ತು. ಪ್ರೋಗ್ರಾಮ್ ಶುರು ಮಾಡೋಕ ಮೊದಲ, ದಿನಾ ಒಂದ ಮಾತು. 'ಜಾಹೇದಾ, ಬಂದೀಯೇನು?' ಮನ್ಯಾಗ ನಾವು ಮಾತಾಡೋದು ಬ್ಯಾರೆ ಭಾಷೆ, ಅಲ್ಲಿ ಮಾತ್ರ ಊರಿಗೆಲ್ಲ ತಿಳೀಲಿ ಅಂತ ಕನ್ನಡದಾಗ ಕೇಳೋರು. ಮಂದಿ ಎಲ್ಲಾ ಕೂಡಿ 'ಬಂದಾರ, ಬಂದಾರ' ಅಂತ ಒದರೋರು. ಅಮ್ಮಿಗೆ ಭೂಮಿ ಬಾಯಿಬಿಡಬಾರದೇ ಅನಸ್ತಿತ್ತು. ಬಜಾರಕ್ಕ ಹೋದ್ರ ಕಾಯಿಪಲ್ಯದವನೂ 'ಬಂದೀರೇನ್ರಿ' ಅಂತ ನಗೋನು. ಕಡೀಕ ಪ್ರೋಗ್ರಾಮಿಗೆ ಹೋಗೋದ ಬಿಟ್ಟಳು."

"ಮಾಸ್ತರ್ ಕೇಳೋದು ಬಿಟ್ರೇನು?"

"ಎಲ್ಲಿ ಬಿಡ್ತಾರ? ಆಕಿ ಇಲ್ಲದ ಊರಾಗೂ ಕೇಳಿದ್ರು. ಕಡೀ ಪ್ರೋಗ್ರಾಮ್ ಇಲ್ಲೇ, ನಮ್ಮ ಓಣಿ ಆಚಿಕಡಿ ಆತು. ಅಮ್ಮಿ ಈ ಕಿಟಕ್ಯಾಗ ಕುಂತಿದ್ಳು. ಅಬ್ಬಾ ಕೇಳಿದ್ದು ಬರಾಬರ್ ಕೇಳಿಸ್ತು. ನಾ ಅಂದೆ, ನಡಿ ಅಮ್ಮಿ, ಒಮ್ಮೆ ಹೋಗಿ ಬರೋಣ. ಏಳಲಿಲ್ಲ. ಅದಾದ ಮ್ಯಾಲ ಅಬ್ಬಾ ಭಾಳ ದಿನಾ ಇರಲಿಲ್ಲ." ಕೌಸರ್ ಮೂಗು ಒರೆಸಿಕೊಂಡಳು. "ಗಾಜಿನೊಳಗ ಹೋಗೋಕ ಮೊದಲ ಒಂದ ಮಾತ ಅದಕ್ಕ ಹೇಳಬೇಕು ಅಂತಿದ್ಳು. ಇರಲಿ ಬಿಡ್ರಿ. ಹಳೇದಾತು, ಎಲ್ಲಾ ಉಳೀತದೇನು? ನಿಮ್ಮ ತಪ್ಪೇನದ ಇದರಾಗ?"

ಯಶವಂತ ಇಂಗು ತಿಂದ ಮಂಗನಂತೆ ನಿಂತ. ಅವನಿಗೆ ಆ ಕ್ಷಣವೇ ಎಲ್ಲ ಗೊತ್ತಾಗಿಹೋಗಿತ್ತು. ಸಡಿಲ ಕಾಯಿಲ್ ಎದುರಿನ ದನಿಗೆ ತಾನೂ ನಡುಗುತ್ತದೆ. ಆ ನಡುಕವೇ ಡಬ್ಬಿಯಲ್ಲಿ ಮಾತಾಗುತ್ತಿತ್ತು. ಅವನು ಅದನ್ನು ವಾರ್ನಿಶ್ ಕುಡಿಸಿ ಕಲ್ಲು ಮಾಡಿಟ್ಟಿದ್ದ. ಬಾಯಿ ತೆರೆದ. "ಬರ್ತೀನ್ರಿ ಆಪಾ," ಎಂಬ ಎರಡೇ ಮಾತು ಹೊರಬಂದವು.

ಗಾಡಿ ಹತ್ತಿ ಹೊರಟ. ದಾರಿಯಲ್ಲಿ ತನಗೆ ತಾನೇ ವಕಾಲತ್ತು ಮಾಡಿಕೊಂಡ. ಯಾರೂ ಬೈದಿಲ್ಲ. ಮರೆಪ್ಪ ಬೆನ್ನು ತಟ್ಟಿದ್ದಾನೆ. ನಾಳೆ ಹೇಗೂ ಗಾಜಿನೊಳಗೆ ಹೋಗುವ ಗಿಟಾರು, ಅಲ್ಲಿ ಮಾತಾಡಿದರೇನು, ಬಿಟ್ಟರೇನು? ಅಂಗಡಿಯಲ್ಲಿ ಮೋಟಾರುಗಳು ರಾಶಿ ಬಿದ್ದಿವೆ. ಇಷ್ಟೆಲ್ಲ ಹೇಳಿಕೊಂಡರೂ ಗಾಡಿ ಮುಂದೆ ಓಡಿಸಲು ಮನಸ್ಸಾಗಲಿಲ್ಲ. ಊರ ಹೊರಗೆ, ರಸ್ತೆಬದಿಯಲ್ಲಿ ಬಾಳೆಗೊನೆ ತೂಗುಹಾಕಿದ ಅಂಗಡಿಗಳ ಹತ್ತಿರ ಗಾಡಿ ನಿಲ್ಲಿಸಿದ. ಕೆಳಗಿಳಿದ, ಹತ್ತಿದ, ಮತ್ತೆ ಇಳಿದ. ಮಾರುವವಳು, "ಬೇಕೇನೋ ಬ್ಯಾಡೇನೋ ಒಂದ ಹೇಳಪ್ಪ," ಎಂದಳು. ಆ ಮುದುಕಿ ಬಗ್ಗಿ ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡದ್ದೇ ಅವನ ಕಣ್ಣಮುಂದೆ ಬರುತ್ತಿತ್ತು. ತನ್ನ ದನಿಯಲ್ಲೇ ಏನೋ ಕೊರತೆ ಎಂದುಕೊಂಡಿದ್ದರು ಅವರು. ಅದು ನೆನಪಾದದ್ದೇ ಅವನಿಗೆ ತಡೆಯಲಾಗಲಿಲ್ಲ. ಗಾಡಿ ತಿರುಗಿಸಿದ.

ಅಂಗಳದಲ್ಲಿ ಈಗ ಕೌಸರ್ ಮತ್ತು ಅಬ್ರಾರ್ ಇಬ್ಬರೇ ಇದ್ದರು. ಯಶವಂತ ಚಪ್ಪಲಿ ಕಳಚದೆ ಒಳಗೆ ನುಗ್ಗಿ, ಮುಚ್ಚಿದ ಬಾಗಿಲಿನ ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದ.

"ಖಾಲಾ, ಅದು ಹಳೇದಾಗಿ ಕೆಟ್ಟಿಲ್ಲ. ನಾ ಕೆಡಿಸೀನಿ. ಅಪ್ಪ ವಾರ್ನಿಶ್ ಹಾಕೋದು ಮರತಾನ ಅನ್ಕೊಂಡು ನಾ ಹಾಕಿದೆ. ಅದಕ್ಕ ಬಾಯಿ ಬಂದ್ ಆಗ್ಯಾದ."

ಒಳಗೆ ಚಿಲಕ ತೆಗೆದ ಸದ್ದಾಯಿತು. ಆಮೇಲೆ ಬಾಗಿಲು ತೆರೆಯಿತು. ಜಾಹೇದಾಬಿಯ ಕಣ್ಣುಗಳು ಕೆಂಪಾಗಿದ್ದವು, ಆದರೆ ದನಿಯಲ್ಲಿ ಧಗೆಯಿತ್ತು.

"ಮರತಾರಾ? ನಿಮ್ಮ ಅಪ್ಪಾರಾ? ಇದ ಅಂಗಳದಾಗ ಕುಂತು ಇವರ ಜೋಡಿ ದಿನಪೂರಾ ಜಗಳಾಡ್ಯಾರ ಅವರು. 'ಮಾಸ್ತರ, ವಾರ್ನಿಶ್ ಇಲ್ಲದ ಕೊಟ್ರ ಮಂದಿ ನನ್ನ ಮಾರಿಗೆ ಉಗಳ್ತಾರ' ಅಂದ್ರು. ಇವರಂದ್ರು, 'ವಾರ್ನಿಶ್ ಹಾಕಿದ್ರ ನನ್ನ ಹೆಂಡ್ತಿನ್ನ ಹ್ಯಾಂಗ ಕರೀಲಿ?' ನಾ ಚಾ ತಂದು ಇಟ್ಟೆ. ನನ್ನ ಮಾರಿ ನೋಡಿ ನಿಮ್ಮ ಅಪ್ಪಾರು ನಕ್ಕುಬಿಟ್ರು. 'ಆತ್ರಿ, ಕೊಡ್ತೀನಿ. ಆದ್ರ ನನ್ನ ಅಂಗಡಿ ಹೆಸರ ಯಾರ ಮುಂದೂ ಹೇಳಬ್ಯಾಡ್ರಿ' ಅಂದ್ರು."

ಯಶವಂತನಿಗೆ ಅಳು ಬಂತು, ನಗುವೂ ಬಂತು. ಅಪ್ಪ ನಾಚಿದ್ದು ನಿಜ, ಮರೆತದ್ದು ಮಾತ್ರ ಸುಳ್ಳು. ಇಡೀ ಜನ್ಮದ ಹಟವನ್ನು ಆತ ಗೊತ್ತಿದ್ದೂ ಒಮ್ಮೆ ಬಿಟ್ಟುಕೊಟ್ಟಿದ್ದ. ಮಗ ಅದನ್ನೇ ಅಪ್ಪನ ತಪ್ಪೆಂದು ತಿದ್ದಿ ಬೀಗಿದ್ದ.

"ಕಾಯಿಲ್ ಬಿಚ್ಕೊಂಡು ಹೋಗ್ತೀನಿ. ರೀಲಿನಾಗ ಜರಾ ತಂತಿ ಉಳದದ. ಸಾಕಾಗ್ತದೋ ಇಲ್ಲೋ ಗೊತ್ತಿಲ್ಲ. ನಾಳೆ ಪ್ರೋಗ್ರಾಮಿಗೆ ತರ್ತೀನಿ."

"ತರ್ರಿ," ಎಂದರು ಜಾಹೇದಾಬಿ. "ಆದ್ರ ಹಾದ್ಯಾಗ ಗಾಡಿ ಸಾವಕಾಶ ಹೊಡೀರಿ."

ಸಾವಕಾಶ ಎಂಬುದು ಯಶವಂತನ ಜಾತಕದಲ್ಲೇ ಇರಲಿಲ್ಲ. ಕಪನೂರ ತಲುಪಿದವನೇ ಶಟರ್ ಅರ್ಧ ಎಳೆದು ಕೂತ. ವಾರ್ನಿಶ್ ಕುಡಿದ ಕಾಯಿಲ್ ಬಿಚ್ಚಲು ಬರಲಿಲ್ಲ. ಕೆತ್ತಿ ತೆಗೆಯಬೇಕಾಯಿತು. ರೀಲಿನ ತಳ ಆಗಲೇ ಕಾಣುತ್ತಿತ್ತು. ಇನ್ನೊಂದು ರೀಲು ತರಿಸಲು ವೇಳೆಯಿಲ್ಲ, ನಾಳೆ ಭಾನುವಾರ. ಸುತ್ತತೊಡಗಿದ. ಹಿಂದೆ ಸುತ್ತಿದಾಗ ತುಂಡಾದರೆ ಮತ್ತೆ ಶುರು ಮಾಡಬಹುದಿತ್ತು, ಈಗ ಆ ಮಾತೇ ಇರಲಿಲ್ಲ. ಸ್ವಲ್ಪ ಸುತ್ತಿ ನಿಲ್ಲಿಸುತ್ತಿದ್ದ, ಎದ್ದು ಅಂಗಡಿಯೊಳಗೆ ಒಂದು ಸುತ್ತು ಹಾಕುತ್ತಿದ್ದ, ನೀರು ಕುಡಿದು ಮತ್ತೆ ಕೂರುತ್ತಿದ್ದ. ಎಷ್ಟು ಹೊತ್ತಾದರೂ ಮನೆಗೆ ಬರಲಿಲ್ಲವೆಂದು ಮಲ್ಲಿಕಾ ಬುತ್ತಿ ಹಿಡಿದು ಆಟೋದಲ್ಲಿ ಬಂದಳು. ಅವನು ನಡೆದದ್ದನ್ನೆಲ್ಲ ಹೇಳಿದ. ನಾ ಹೇಳಿರಲಿಲ್ಲವೇ ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ. ಎದುರಿಗೆ ಕೂತು ರೀಲನ್ನು ಎರಡು ಬೆರಳಲ್ಲಿ ಹಿಡಿದು ಹಗುರವಾಗಿ ತಂತಿ ಬಿಡುತ್ತ ಹೋದಳು.

ತಂತಿ ಮುಗಿಯಿತು. ಮೊದಲಿನಷ್ಟು ತುಂಬಿರಲಿಲ್ಲ, ಆದರೂ ಮೀಟರಿನ ಮುಳ್ಳು ಅಲುಗಿತು. ಯಶವಂತ ಉಸಿರು ಬಿಟ್ಟ. ಬಿಟ್ಟವನೇ, ತನಗೇ ಅರಿವಿಲ್ಲದೆ, ಕೈ ಚಾಚಿ ವಾರ್ನಿಶ್ ಡಬ್ಬಿಯ ಮುಚ್ಚಳ ತೆಗೆದ.

"ಏನ ಮಾಡಾಕತ್ತೀರಿ!" ಮಲ್ಲಿಕಾ ಕಿರುಚಿದಳು. ಡಬ್ಬಿಯನ್ನು ಅವನ ಕೈಯಿಂದ ಕಸಿದು, ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಇಟ್ಟು ಬಂದಳು. ಅವನು ತನ್ನ ಕೈಯನ್ನೇ ನೋಡಿಕೊಂಡ. ಇಷ್ಟು ವರ್ಷದ ಅಭ್ಯಾಸ, ಅದು ಕೇಳುವುದಾದರೂ ಯಾರ ಮಾತು? ಅಪ್ಪ ಅವತ್ತು ತನ್ನ ಕೈಯನ್ನು ತಡೆದದ್ದಾದರೂ ಹೇಗೆ ಎಂದು ಅವನಿಗೆ ಆಗ ಮೊದಲ ಸಲ ಅನಿಸಿತು. ಪರೀಕ್ಷೆ ಮಾಡೋಣವೆಂದರೆ ಪಕ್ಕದ ಅಂಗಡಿಯ ಆಂಪ್ಲಿಫೈಯರ್ ಡಬ್ಬಿ ಮದುವೆಗೆ ಹೋಗಿತ್ತು. ಮಾತು ಬರುತ್ತದೋ ಇಲ್ಲವೋ ಎಂಬುದನ್ನು ಕಮಲಾಪುರದಲ್ಲೇ ನೋಡಬೇಕಿತ್ತು.

ಭಾನುವಾರ ಗಂಡ ಹೆಂಡತಿ ಇಬ್ಬರೂ ಹೊರಟರು. ಪಿಕಪ್ಪನ್ನು ಮಲ್ಲಿಕಾ ಹತ್ತಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವರು ತಲುಪುವಾಗ ಶಾಮಿಯಾನ ತುಂಬಿಹೋಗಿತ್ತು. ಹಿಂದಿನ ಸಾಲುಗಳಲ್ಲಿ ಮಾಸ್ತರರ ಕಾಲದ ಮಂದಿ, ತಲೆ ಬೆಳ್ಳಗಾದವರು. ಯಶವಂತ ವೇದಿಕೆಯ ಹಿಂದೆ ಕೂತು ಪಿಕಪ್ ಕೂರಿಸುತ್ತಿದ್ದರೆ ಮರೆಪ್ಪ ಮೇಲೆ ನಿಂತು, "ನಿನ್ನೆ ಛಲೋ ಇದ್ದದ್ದು ಯಾಕ ಬಿಚ್ಚಿದಿ ಮಾರಾಯ? ಮಾನ ಕಳೀಬ್ಯಾಡ," ಎಂದು ಜೀವ ತಿಂದ.

ಅಬ್ರಾರ್ ಗಿಟಾರ್ ಎತ್ತಿಕೊಂಡು ವೇದಿಕೆಗೆ ಹೋದ. ಡಬ್ಬಿಗೆ ಹಚ್ಚಿದ್ದೇ ತಡ, ಕಿವಿ ತೂತಾಗುವಂತೆ ಕೀಂಯ್ ಎಂದು ಚೀರಿತು. ಮರೆಪ್ಪ ತಲೆಯ ಮೇಲೆ ಕೈಹೊತ್ತ. ಆದರೆ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತು, "ಇದು ನೋಡ್ರಿ ಮಾಸ್ತರ್ ಗಿಟಾರ್!" ಎಂದು ಕೂಗಿದ. ಆ ಸಾಲಿಗೆ ಸಾಲೇ ನಕ್ಕಿತು, ಸಿಳ್ಳೆ ಬಿತ್ತು. ಅಬ್ರಾರನ ಮುಖ ಅರಳಿತು. ಅವನು ಗುಂಡಿ ತಗ್ಗಿಸಿ, ಅಂಗೈಯಿಂದ ತಂತಿ ಒತ್ತಿ ಹಿಡಿದು, ಉಸ್ತಾದರು ಪಳಗಿಸುತ್ತಿದ್ದಂತೆಯೇ ಅದನ್ನು ಪಳಗಿಸಿ ಬಾರಿಸಿದ. ದನಿ ನಿನ್ನೆಗಿಂತ ತೆಳುವಾಗಿತ್ತು. ಅದರಲ್ಲಿ ಏನೋ ಒಂದು ನಡುಕ ಸೇರಿತ್ತು.

ಆಮೇಲೆ ಸನ್ಮಾನ. ಮರೆಪ್ಪ ಜಾಹೇದಾಬಿಗೆ ಶಾಲು ಹೊದಿಸಿದ, ಹಾರ ಕೈಗೆ ಕೊಟ್ಟ, ಮೈಕು ಮುಂದೆ ಹಿಡಿದ. "ಎರಡ ಮಾತ ಹೇಳ್ರಿ ಅಮ್ಮಾರ."

ಜಾಹೇದಾಬಿ ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಅಬ್ರಾರ್ ಕೂತಲ್ಲಿಗೆ ನಡೆದು ಬಂದರು. ಅವನು ಗಿಟಾರನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು, ಗುಂಡಿ ತಿರುವಿ, ತಲೆ ತಗ್ಗಿಸಿದ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಯಶವಂತ ಡಬ್ಬಿಯನ್ನೇ ನೋಡುತ್ತಿದ್ದ. ಮಲ್ಲಿಕಾ ಅವನ ಮೊಣಕೈ ಹಿಡಿದಳು. ಜಾಹೇದಾಬಿ ಬಗ್ಗಿದರು. ಹಿಂದಿನ ಸಾಲಿನವರು ನಗು ನಿಲ್ಲಿಸಿದರು. ಅವರಲ್ಲಿ ಯಾರಿಗೂ ಏನಾಗುತ್ತಿದೆ ಎಂದು ಹೇಳಬೇಕಾಗಿರಲಿಲ್ಲ.

"ಬಂದೀನ್ರೀ."

ಡಬ್ಬಿಯೊಳಗಿಂದ ಬಂತು. ತಗಡಿನಂಥ, ಒಡಕು ದನಿ, ಒಂದೇ ಮಾತು. ಶಾಮಿಯಾನದ ಕಡೆಯ ಕಂಬದವರೆಗೆ ಕೇಳಿಸಿತು. ಒಂದು ಕಾಲದಲ್ಲಿ ಅವರ ಪರವಾಗಿ ಒದರುತ್ತಿದ್ದ ಮಂದಿ ಇವತ್ತು ಪಿಟ್ಟೆನ್ನಲಿಲ್ಲ. ಕೌಸರ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು. ಯಶವಂತ ಅಳುತ್ತಿದ್ದ, ಒರೆಸಿಕೊಳ್ಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. ಮಲ್ಲಿಕಾ ಕೆಳಗೆ ನೋಡಿದಳು. ಅವನ ಎರಡೂ ಕಾಲು ಸುಮ್ಮನೆ ನೆಲದ ಮೇಲಿದ್ದವು.

ಜಾಹೇದಾಬಿ ತಕ್ಷಣ ಏಳಲಿಲ್ಲ. ಹಾಗೇ ಬಗ್ಗಿಕೊಂಡು, ಮುಖ ಒಂದಿಷ್ಟು ತಿರುಗಿಸಿ, ಕಿವಿಯನ್ನು ತಂತಿಯ ಹತ್ತಿರ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದರು. ತಂತಿಗಳು ಅವರ ಉಸಿರಿಗೆ ಸಣ್ಣಗೆ ಗುಂಯ್ ಎನ್ನುತ್ತಿದ್ದವು. ಆಮೇಲೆ ನೆಟ್ಟಗಾಗಿ, ಶಾಲು ಸರಿಮಾಡಿಕೊಂಡು, ಕೀಲಿಕೈ ಹಿಡಿದು ನಿಂತಿದ್ದ ಮರೆಪ್ಪನ ಕಡೆ ತಿರುಗಿದರು.

"ಈಗ ಒಳಗ ಇಡ್ರಿ," ಎಂದರು.